ಯಲಹಂಕದಲ್ಲಿ ಇಳಿಯದ ವಿಮಾನ

ಇಲ್ಲಿ ಕೋಳಿ ಇಳಿಯುವುದಿಲ್ಲ ಎಂದು ಗೇಟಿನ ಸಿಪಾಯಿ ಮತ್ತೊಮ್ಮೆ ಹೇಳಿದ. ಹಿಂದಿಯಲ್ಲಿ ಹೇಳಿದ. ನನಗೂ ಅಣ್ಣನಿಗೂ ಹಿಂದಿ ಬಾರದು. ಆದರೆ ಈ ಸಲ ಅವನು ಕೋವಿಯನ್ನು ಹೆಗಲಿಗೆ ಹಾಕಿಕೊಂಡು, ಎರಡು ಮೊಣಕೈಗಳನ್ನೂ ರೆಕ್ಕೆಯ ಹಾಗೆ ಬಡಿದು, ಆಮೇಲೆ ಇಲ್ಲ ಎಂದು ತಲೆ ಆಡಿಸಿದ್ದರಿಂದ ಅರ್ಥವಾಯಿತು. ಅರ್ಥವಾದರೂ ನಾವು ಅಲ್ಲಾಡಲಿಲ್ಲ. ಗೇಟು ಕಾಯುವವನಿಗೆ ಏನು ಗೊತ್ತು, ಒಳಗಿನವರಿಗೆ ಗೊತ್ತಿರುತ್ತದೆ ಎಂದು ಅಣ್ಣ ಅಂದ. ಎತ್ತುಗಳನ್ನು ಬಿಚ್ಚಿ ಬೇಲಿಯ ಪಕ್ಕ ಕಟ್ಟಿದ್ದೆವು. ಗಾಡಿಯಲ್ಲಿ ಒಣಹುಲ್ಲು, ಹುಲ್ಲಿನ ಮೇಲೆ ಎರಡು ಕಂಬಳಿ, ಮೂಲೆಯಲ್ಲಿ ಕೆಂಡ ತುಂಬಿ ಬೂದಿ ಮುಚ್ಚಿದ ಮಡಕೆ. ಅಮೆರಿಕದಿಂದ ವಿಮಾನದಲ್ಲಿ ಬರುವ ಒಂದು ಪೆಟ್ಟಿಗೆ ಕೋಳಿಮರಿಗಳನ್ನು ಚಳಿ ತಾಗದಂತೆ ನಮ್ಮೂರು ಕೋಗಿಲಿಗೆ ಒಯ್ಯಬೇಕಿತ್ತು.

ನಾವು ನಿಂತಿದ್ದದ್ದು ಯಲಹಂಕದ ಮಿಲಿಟರಿ ವಿಮಾನದ ಬಯಲಿನ ಮುಂದೆ. ಅವರೆಕಾಯಿ ಕಾಲ. ಮಂಜು ಹುಲ್ಲಿನ ಮೇಲೆ ಹಾಗೇ ಕೂತಿತ್ತು. ಮಂಜಿನೊಳಗಿಂದ ಆಗಾಗ ಒಂದು ವಿಮಾನ ಸದ್ದು ಮಾಡಿಕೊಂಡು ಬರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಸಲವೂ ಅಣ್ಣ ಗಾಡಿಯ ಮೂಕಿಯ ಮೇಲೆ ಹತ್ತಿ ನಿಂತು ನೋಡುವನು. ಪ್ರತಿ ಸಲವೂ ಅದೇ ವಿಮಾನ. ಮೇಲೆ ಹೋಗಿ ಸುತ್ತಿ ಕೆಳಗೆ ಬರುತ್ತಿತ್ತು. ಕಲಿಯುವ ಹುಡುಗರು ಓಡಿಸುವ ವಿಮಾನ. ಸೈಕಲ್ ಕಲಿಯುವವರು ಕೆರೆ ಏರಿಯ ಮೇಲೆ ಸುತ್ತುತ್ತಾರಲ್ಲ, ಹಾಗೆ.

ನನಗೆ ಒಂದು ಕಡೆ ನಿಲ್ಲುವುದೆಂದರೆ ಆಗದು. ಬೇಲಿಯುದ್ದಕ್ಕೂ ಹೋದೆ, ಬಂದೆ. ಎತ್ತಿಗೆ ಹುಲ್ಲು ಹಾಕಿದೆ, ತೆಗೆದೆ. ಮಡಕೆಯ ಬೂದಿ ಕೆದಕಿ ಊದಿದೆ. ಕೆಂಡ ಆರಿಸ್ತೀಯ, ಸುಮ್ನೆ ಇರೋ ಎಂದು ಅಣ್ಣ ಬೈದ.

ಇಷ್ಟಕ್ಕೆಲ್ಲ ಕಾರಣ ಮೂಲೆ ಹೊಲ. ಅಣ್ಣ ಹೆಬ್ಬಾಳದ ಕಡೆ ಒಂದು ಕೋಳಿ ಸಾಕುವ ಜಾಗದಲ್ಲಿ ಎರಡು ವರ್ಷ ಕಸ ಗುಡಿಸಿದ್ದ. ಅಲ್ಲಿ ಬಿಳಿ ಕೋಳಿಗಳನ್ನು ಕಂಡು ಅವನಿಗೆ ಹುಚ್ಚು ಹಿಡಿಯಿತು. ಆ ಕೋಳಿ ಕಾವಿಗೆ ಕೂರುವುದಿಲ್ಲ, ಜಗಳ ಆಡುವುದಿಲ್ಲ, ತಿನ್ನುತ್ತದೆ, ಮೊಟ್ಟೆ ಇಡುತ್ತದೆ. ನಮ್ಮ ಮನೆಯ ಕೋಳಿ ಹತ್ತು ಮೊಟ್ಟೆ ಇಟ್ಟರೆ ತಿಂಗಳುಗಟ್ಟಲೆ ಮುಖ ತಿರುಗಿಸುತ್ತದೆ. ಅಣ್ಣ ಊರಿಗೆ ಬಂದು ಮೂಲೆ ಹೊಲದಲ್ಲಿ ಕೋಳಿ ಮನೆ ಕಟ್ಟುತ್ತೇನೆ ಎಂದ. ಅಪ್ಪ ನಕ್ಕರು. ನಮ್ಮ ಮಾವ, ಅಂದರೆ ಅವ್ವನ ತಮ್ಮ, ಆ ಹೊಲಕ್ಕೆ ದ್ರಾಕ್ಷಿ ಹಾಕೋಣ ಎಂದು ಅಪ್ಪನ ಹಿಂದೆ ಬಿದ್ದಿದ್ದ. ಆಗ ನಮ್ಮ ಕಡೆ ಎಲ್ಲರೂ ದ್ರಾಕ್ಷಿ ಹಾಕುತ್ತಿದ್ದರು. ಅಪ್ಪ ಹೂಂ ಅನ್ನುವ ಮೊದಲೇ ಅವನು ಚಪ್ಪರಕ್ಕೆಂದು ಒಂದು ಗಾಡಿ ಕಲ್ಲು ಕಂಬ ತಂದು ಹೊಲದ ಅಂಚಿಗೆ ಇಳಿಸಿದ್ದ.

ಅಷ್ಟರಲ್ಲಿ ಬೆಂಗಳೂರಿನ ಒಂದು ಪಾದ್ರಿ ಮಿಷನ್ನಿನವರು ಅಮೆರಿಕದಿಂದ ಮರಿ ತರಿಸಿ ರೈತರಿಗೆ ದಾನವಾಗಿ ಕೊಡುತ್ತಾರೆ ಎಂದು ಅಣ್ಣನಿಗೆ ಗೊತ್ತಾಯಿತು. ಹೋದ, ಕೇಳಿದ, ಅವರ ಗುಮಾಸ್ತ ನಮ್ಮ ಮನೆಗೇ ಬಂದು ಅಣ್ಣ ಕಟ್ಟಿದ್ದ ಬೆಚ್ಚನೆ ಕೋಣೆ ನೋಡಿದ. ತಗಡಿನ ಕೊಡೆಯಂಥದ್ದು, ಅದರ ಕೆಳಗೆ ಇದ್ದಿಲು ಒಲೆ, ಸುತ್ತ ರಟ್ಟಿನ ಗೋಡೆ. ಆಗಲಿ, ನಿನಗೂ ಒಂದು ಪೆಟ್ಟಿಗೆ ಎಂದ.

ಆ ದಿನ ಸಂಜೆ ಅಪ್ಪ ಜಗುಲಿಯ ಮೇಲೆ ಮಾವನನ್ನೂ ಕೂರಿಸಿಕೊಂಡು ತೀರ್ಪು ಕೊಟ್ಟರು.

"ಮರಿ ಬದುಕಿದ್ರೆ ಒಲ ನಿಂದು ಕಣ್ಲಾ. ಸತ್ತೋದ್ವೋ, ನಿಮ್ಮಾವನ ಜೊತೆ ದ್ರಾಕ್ಷಿಗೆ ಗುಂಡಿ ತೋಡ್ತೀಯ. ಆಮ್ಯಾಕೆ ಈ ಮನೇಲಿ ಕೋಳಿ ಮಾತು ಬರಕೂಡ್ದು."

ಅಣ್ಣ ಒಪ್ಪಿದ. ಅದರಲ್ಲಿ ನನ್ನದೂ ಒಂದು ಪಾಲಿತ್ತು. ಮೊಟ್ಟೆ ಬರಲು ಶುರುವಾದರೆ ಸೈಕಲ್ಲಿನ ಮೇಲೆ ಪೇಟೆಗೆ ಒಯ್ಯುವ ಕೆಲಸ ನಿನ್ನದು ಎಂದಿದ್ದ. ಎತ್ತಿನ ಬಾಲ ನೋಡಿಕೊಂಡು ಹೊಲದ ಈ ಬದುವಿನಿಂದ ಆ ಬದುವಿಗೆ ಓಡಾಡಿ ನನಗೆ ಸಾಕಾಗಿತ್ತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೂ ಕೂತು ಕೂತು ಸಾಕಾಗಿಯೇ.

ಮರಿ ಬರುವ ದಾರಿಯನ್ನು ಗುಮಾಸ್ತ ಅಣ್ಣನಿಗೆ ಹೇಳಿದ್ದ. ಅಣ್ಣ ಅದನ್ನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದ. ನ್ಯೂಯಾರ್ಕು, ಲಂಡನ್ನು, ರೋಮು, ಬೈರೂತು, ಬೊಂಬಾಯಿ, ಬೆಂಗಳೂರು. ನ್ಯೂಯಾರ್ಕಿಗೂ ಲಂಡನ್ನಿಗೂ ನಡುವೆ ಬರೀ ನೀರು. ದೊಡ್ಡ ವಿಮಾನ ಬೊಂಬಾಯಿವರೆಗೆ, ಅಲ್ಲಿಂದ ಬೇರೆ ಸಣ್ಣದು. ಹುಟ್ಟಿದ ಮರಿಯ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಉಳಿದಿರುತ್ತದೆ, ಅದೇ ಅದಕ್ಕೆ ಬುತ್ತಿ. ಮೂರು ದಿನ ನೀರು ಕಾಳು ಬೇಡ. ಅಷ್ಟರೊಳಗೆ ಬಂದು ಮುಟ್ಟಬೇಕು. ಇದನ್ನು ಕೇಳಿ ಅವ್ವನಿಗೆ ನಿದ್ದೆ ಹೋಯಿತು. ಯಲಹಂಕದ ಬಸ್ಸು ನಿಂತಲ್ಲೆಲ್ಲ ಜನ ಇಳಿದು ನೀರು ಕುಡಿಯುವ ಹಾಗೆ ಮರಿಗಳನ್ನೂ ಇಳಿಸುತ್ತಾರೆ ಎಂದು ಅವಳು ತಿಳಿದಿದ್ದಳು. ರೋಮಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ಬೈರೂತಿನಲ್ಲಿ ಬೆಕ್ಕು ಇದೆಯಾ ಎಂದು ಕೇಳುತ್ತಿದ್ದಳು.

ಅವಳಿಗೆ ಇನ್ನೊಂದು ಚಿಂತೆ ಗುಡುಗಿನದು. ನಮ್ಮಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವಾಗ ಮೊಟ್ಟೆಯ ಪಕ್ಕ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡುತ್ತಾರೆ. ಇಲ್ಲದಿದ್ದರೆ ಗುಡುಗಿಗೆ ಮೊಟ್ಟೆ ಕೆಡುತ್ತದೆ.

"ಇವು ಗುಡುಗು ಉಟ್ಟೋ ಜಾಗದಾಗೇ ಬತ್ತವಲ್ಲೋ. ಪೆಟ್ಟಿಗೆಗೆ ಕಬ್ಬಿಣ ಆಕವ್ರಾ ಕೇಳ್ದಾ?"

"ಇಮಾನವೇ ಕಬ್ಬಿಣ ಕಣವ್ವ," ಎಂದ ಅಣ್ಣ.

ಅವಳಿಗೆ ಸಮಾಧಾನ ಆಗಲಿಲ್ಲ. ಎತ್ತಿನ ಹಳೇ ಲಾಳವೊಂದನ್ನು ತೊಳೆದು ತಗಡಿನ ಕೊಡೆಯ ಕೆಳಗೆ ಇಟ್ಟಳು.

ಹೀಗೆ ಎಲ್ಲಾ ಸಿದ್ಧ ಮಾಡಿಕೊಂಡಿದ್ದೆವು. ಹಿಂದಿನ ದಿನ ಗುಮಾಸ್ತ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದ: ಬೆಳಿಗ್ಗೆ ಬೆಂಗಳೂರಿಗೆ ವಿಮಾನ ಬರುತ್ತದೆ, ಬಂದು ಪೆಟ್ಟಿಗೆ ತೆಗೆದುಕೊಳ್ಳಿ. ಎಲ್ಲಿಗೆ ಎಂದು ಆಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳುವುದೇನಿದೆ? ನಾನು ಹುಟ್ಟಿದಾಗಿನಿಂದ ವಿಮಾನ ಇಳಿಯುವುದನ್ನು ಕಂಡಿರುವುದು ಯಲಹಂಕದಲ್ಲಿ. ನಮ್ಮ ಮನೆಯ ಮೇಲೇ ಹಾದು ಹೋಗಿ ಅಲ್ಲಿ ಇಳಿಯುತ್ತವೆ. ಕೋಗಿಲಿನ ಯಾರನ್ನು ಬೇಕಾದರೂ ಕೇಳಿ, ವಿಮಾನ ಎಲ್ಲಿ ಇಳಿಯುತ್ತದೆ ಎಂದರೆ ಆ ಕಡೆಗೇ ಕೈ ತೋರಿಸುತ್ತಾರೆ.

ಮಂಜು ಕರಗಿತು. ಬಿಸಿಲು ಬಂತು. ಸಿಪಾಯಿ ಬದಲಾದ. ಹೊಸ ಸಿಪಾಯಿ ಗಾಡಿ ತೆಗೆಯಿರಿ ಎಂದು ಕೋವಿಯಲ್ಲೇ ತೋರಿಸಿದ. ಆ ಹೊತ್ತಿಗೆ ಒಳಗಿನಿಂದ ಹಾಲಿನವನೊಬ್ಬ ಖಾಲಿ ಕ್ಯಾನು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದ. ಒಳಗಿನ ಅಡಿಗೆ ಮನೆಗೆ ದಿನಾ ಹಾಲು ಹಾಕುವವನು, ಎರಡೂ ಭಾಷೆ ಬರುತ್ತಿತ್ತು. ಸಿಪಾಯಿಯ ಹತ್ತಿರ ಏನೋ ಮಾತಾಡಿ, ನಕ್ಕು, ನಮ್ಮ ಹತ್ತಿರ ಬಂದ.

"ಏನ್ ಗುರು, ಕೋಳಿ ಬತ್ತದೆ ಅಂತ ಕಾಯ್ತಾ ಇದ್ದೀರಂತೆ?"

ಹೌದು ಎಂದೆ. ಅಮೆರಿಕದಿಂದ ಎಂದೆ.

"ಮಿಲ್ಟ್ರಿಯೋರು ಕೋಳಿ ತಿಂತಾರೆ ಕಣಯ್ಯ, ತರ್ಸಿ ಅಂಚಲ್ಲ."

ಅಣ್ಣ ನಗಲಿಲ್ಲ. ಮಿಷನ್ನು, ಗುಮಾಸ್ತ, ಪೆಟ್ಟಿಗೆ ಎಲ್ಲಾ ವಿವರಿಸಿದ. ಹಾಲಿನವನು ಕೇಳುತ್ತಾ ಕೇಳುತ್ತಾ ನಗುವುದನ್ನು ನಿಲ್ಲಿಸಿದ. ಇಲ್ಲಿ ಮಿಲಿಟರಿಯದು ಬಿಟ್ಟು ಬೇರೆ ವಿಮಾನ ಇಳಿಯುವುದಿಲ್ಲ, ಜನ ಓಡಾಡುವ ವಿಮಾನ ಇಳಿಯುವುದು ಪಟ್ಟಣದ ಆಚೆ ಕಡೆ, ಹಲಸೂರು ದಾಟಿ, ದೊಮ್ಮಲೂರು ದಾಟಿ, ವಿಮಾನ ಮಾಡುವ ಕಾರ್ಖಾನೆಯ ಹತ್ತಿರ ಎಂದ.

ಅಣ್ಣ ಮೂಕಿಯ ಮೇಲೆ ಕೂತ.

"ಇನ್ನೊಂದ್ ಐತಾ?" ಎಂದ.

ನ್ಯೂಯಾರ್ಕಿನಿಂದ ಬೊಂಬಾಯಿವರೆಗೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಕೊನೆಯ ಊರು ನಮ್ಮದು, ಅದಕ್ಕೇ ಅದನ್ನು ಯಾರೂ ವಿಚಾರಿಸಿರಲಿಲ್ಲ.

ಗಾಡಿ ಕಟ್ಟಿಕೊಂಡು ಹೋದರೆ ಕತ್ತಲಾಗುತ್ತದೆ. ಬಸ್ಸು ಹೋಗಿಯಾಗಿತ್ತು. ನಾನು ಹಾಲಿನವನ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೆ. ಕೊಡು ಎಂದೆ. ಅವನು ಇದೇನು ದರೋಡೆನಾ ಎಂದ. ಅಣ್ಣನಿಗೆ ಸೈಕಲ್ ಬಾರದು. ಬಂದಿದ್ದರೆ ಅವನೇ ಹೋಗುತ್ತಿದ್ದ, ನನ್ನನ್ನು ನಂಬುತ್ತಿರಲಿಲ್ಲ. ಎತ್ತು, ಗಾಡಿ, ಅಣ್ಣ ಎಲ್ಲವನ್ನೂ ನೋಡಿ ಹಾಲಿನವನಿಗೆ ಏನನ್ನಿಸಿತೋ, ಕ್ಯಾನುಗಳನ್ನು ಬಿಚ್ಚಿ ನಮ್ಮ ಗಾಡಿಯಲ್ಲಿ ಇಟ್ಟ. ಸಂಜೆ ಹಾಲು ಕರೆಯುವ ಹೊತ್ತಿಗೆ ಸೈಕಲ್ ಕೋಗಿಲಿಗೆ ಬರಬೇಕು, ಬರದಿದ್ದರೆ ನಿಮ್ಮ ಎತ್ತಿನ ಮೇಲೆ ಕೂತು ಹೋಗುತ್ತೇನೆ ಎಂದ.

ಅಣ್ಣ ಒಂದು ಕಂಬಳಿಯನ್ನೂ ಹಗ್ಗವನ್ನೂ ಕ್ಯಾರಿಯರಿಗೆ ಕಟ್ಟಿದ. ಹ್ಯಾಂಡಲ್ ಬಿಡಲಿಲ್ಲ.

"ಪೆಟ್ಟಿಗೆಗೆ ಕಿವಿ ಮಡಗಿ ಕೇಳು. ಜೋರಾಗಿ ಕೂಗ್ತಿದ್ರೆ ಚಳಿ. ಕೊಕ್ಕು ಬಿಟ್ಕಂಡು ತೇಕ್ತಿದ್ರೆ ಸೆಕೆ. ಸಣ್ಗೆ ಮಾತಾಡ್ಕತಾ ಇದ್ರೆ ಚೆನ್ನಾಗವೆ ಅಂತ."

"ಏನೂ ಕೇಳ್ದಿದ್ರೆ?"

ಅಣ್ಣ ಹ್ಯಾಂಡಲಿನಿಂದ ಕೈ ಬಿಟ್ಟ.

ತುಳಿದೆ. ಯಲಹಂಕ ದಾಟಿದ್ದು ಗೊತ್ತು, ಬ್ಯಾಟರಾಯನಪುರ ದಾಟಿದ್ದು ಗೊತ್ತು, ನಡುವೆ ಏನೂ ನೆನಪಿಲ್ಲ. ಹೆಬ್ಬಾಳದ ಕೆರೆ ಏರಿಯ ಮೇಲೆ ಎದುರುಗಾಳಿ. ಆಮೇಲೆ ಏರು. ಆರ್.ಟಿ. ನಗರ ಎಂದು ಈಗ ಹೇಳುವ ಕಡೆ ಆಗ ರಾಗಿ ಕೂಳೆ, ನಡುವೆ ನಡುವೆ ಸೈಟಿನ ಗುರುತು ಕಲ್ಲು. ದಂಡಿನ ಪ್ರದೇಶಕ್ಕೆ ಹೋದ ಮೇಲೆ ದಾರಿ ಕೇಳಿದರೆ ತಮಿಳಿನಲ್ಲಿ ಹೇಳುತ್ತಾರೆ. ಕೈ ತೋರಿಸಿದ ಕಡೆ ಹೋದೆ. ಹಲಸೂರಿನಲ್ಲಿ ಒಬ್ಬ ಎಡಕ್ಕೆ ಎಂದ, ಒಬ್ಬ ಬಲಕ್ಕೆ ಎಂದ. ಮೇಲೆ ಒಂದು ವಿಮಾನ ಹೋಯಿತು. ಅದು ಎಲ್ಲಿ ಕೆಳಗಾಗುತ್ತದೆ ಎಂದು ನೋಡಿ ಆ ಕಡೆ ತುಳಿದೆ. ಅದೇ ಸರಿಯಾಯಿತು.

ಅಲ್ಲೂ ಬೇಲಿ, ಅಲ್ಲೂ ಗೇಟು. ಇಲ್ಲಿಯ ಕಾವಲಿನವನು ಕೋಳಿ ಎಂದ ತಕ್ಷಣ ಒಂದು ತಗಡಿನ ಶೆಡ್ಡು ತೋರಿಸಿದ. ಬೆಳಿಗ್ಗೆಯಿಂದ ಎಲ್ಲರೂ ಕೋಳಿ ಕೋಳಿ ಎಂದು ಅವನ ತಲೆ ತಿಂದಿದ್ದರಂತೆ.

ಶೆಡ್ಡಿನ ನೆರಳಲ್ಲಿ ಗುಮಾಸ್ತ ನಿಂತಿದ್ದ. ಅವನ ಪಕ್ಕ ಕೋಲಾರದ ಕಡೆಯವನೊಬ್ಬ, ಕೋಟು ಹಾಕಿದವನು, ಆಚೆ ಅವನ ವ್ಯಾನು. ವ್ಯಾನಿನಲ್ಲಿ ಆಗಲೇ ಒಂದು ಪೆಟ್ಟಿಗೆ ಇತ್ತು. ನೆಲದ ಮೇಲೆ ಇನ್ನೊಂದು ಉಳಿದಿತ್ತು. ಉಳಿದವರೆಲ್ಲ ತಮ್ಮ ತಮ್ಮದನ್ನು ತೆಗೆದುಕೊಂಡು ಹೋಗಿಯಾಗಿತ್ತು. ಉಳಿದ ಪೆಟ್ಟಿಗೆಯನ್ನು ಕೋಟಿನವನು ಎತ್ತಿಕೊಳ್ಳಲು ಬಗ್ಗಿದ್ದ. ನಾನು ಸೈಕಲ್ಲನ್ನು ಬೀಳಿಸಿ ಓಡಿ ಪೆಟ್ಟಿಗೆಯ ಮೇಲೆ ಕೈ ಇಟ್ಟೆ.

"ಇದು ನಮ್ದು."

"ಯಾರಪ್ಪ ನೀನು?" ಎಂದ ಕೋಟಿನವನು.

ಗುಮಾಸ್ತನಿಗೆ ನನ್ನ ಗುರುತು ಸಿಕ್ಕಿತು. "ಕೋಗಿಲು ಪಾರ್ಟಿ. ಏನಪ್ಪಾ ನೀವು, ಬೆಳಿಗ್ಗೆ ಬನ್ನಿ ಅಂದ್ರೆ ಈಗ ಬರ್ತೀರಾ? ನಿಮ್ಮಣ್ಣ ಎಲ್ಲಿ?"

ಯಲಹಂಕದಲ್ಲಿ ಕಾಯುತ್ತಿದ್ದೆವು ಎಂದೆ. ಯಲಹಂಕದಲ್ಲಿ ಯಾಕೆ ಎಂದ. ವಿಮಾನಕ್ಕೆ ಎಂದೆ. ಅವನು ಬೈಯಲೂ ಇಲ್ಲ. ಲಂಡನ್ನಿನಲ್ಲಿ ಮಂಜು ಬಿದ್ದು ದೊಡ್ಡ ವಿಮಾನ ಅಲ್ಲೇ ನಿಂತುಬಿಟ್ಟಿತ್ತಂತೆ, ಹಾಗಾಗಿ ಬುತ್ತಿ ಆಗಲೇ ಮುಗಿಯುತ್ತಾ ಬಂದಿದೆ, ನಿಮ್ಮದೂ ಸೇರಿದರೆ ಎರಡು ತಡ ಎಂದ. ಸೈಕಲ್ಲಿನಲ್ಲಿ ಒಯ್ದರೆ ದಾರಿಯಲ್ಲೇ ಹೋಗುತ್ತವೆ, ಇವರ ಹತ್ತಿರ ವ್ಯಾನಿದೆ, ಮನೆಯಲ್ಲಿ ಕರೆಂಟಿನ ದೀಪ ಇದೆ, ಇವರೇ ಒಯ್ಯಲಿ, ನಿಮಗೆ ಮುಂದಿನ ವರ್ಷ ನೋಡೋಣ ಎಂದ. ಕೆಟ್ಟ ಮಾತಲ್ಲ ಅದು. ಮರಿಯ ಒಳ್ಳೆಯದಕ್ಕೇ ಹೇಳಿದ.

ಆದರೆ ಮುಂದಿನ ವರ್ಷಕ್ಕೆ ಮೂಲೆ ಹೊಲದಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿರುತ್ತದೆ.

"ಮುಂದಿನ್ ವರ್ಷ ನಮಗೆ ಒಲ ಇರಲ್ಲ ಸ್ವಾಮಿ," ಎಂದೆ. "ಸತ್ರೆ ನಮ್ ಮನೇಲೇ ಸಾಯ್ಲಿ."

ಪೆಟ್ಟಿಗೆ ಎತ್ತಿಕೊಂಡೆ. ಕೋಟಿನವನು ಗುಮಾಸ್ತನ ಮುಖ ನೋಡಿದ. ಗುಮಾಸ್ತ ಕೈ ಬೀಸಿ, ಹೋಗು, ಮೊದಲು ಬೆಚ್ಚನೆ ನೀರು ಕುಡಿಸು, ಕಾಳು ಆಮೇಲೆ ಎಂದ. ಪೆಟ್ಟಿಗೆ ಇಷ್ಟು ಹಗುರ ಇರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ರಟ್ಟಿನದು, ಸುತ್ತಲೂ ದುಂಡು ತೂತು, ಮೈತುಂಬ ಚೀಟಿ, ಸೀಲು. ಒಂದು ತೂತಿನಲ್ಲಿ ಸಣ್ಣ ಕೊಕ್ಕು ಕಾಣಿಸಿತು.

ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟುವಾಗ ಬೇಲಿಯಾಚೆ ಆ ವಿಮಾನ ನಿಂತಿತ್ತು. ಬೊಂಬಾಯಿಯಿಂದ ಬಂದದ್ದು. ಮೆಟ್ಟಿಲು ಹಚ್ಚಿದ್ದರು, ಜನ ಹತ್ತುತ್ತಿದ್ದರು. ಒಬ್ಬ ಹೆಂಗಸು ಟಿಫನ್ ಕ್ಯಾರಿಯರ್ ಹಿಡಿದು ಹತ್ತಿದಳು. ನಮ್ಮ ಬಸ್ಸು ಹತ್ತುವ ಹಾಗೇ. ಈ ಮೆಟ್ಟಿಲು ಹತ್ತಿದರೆ ಬೊಂಬಾಯಿ, ಅಲ್ಲಿ ಇನ್ನೊಂದು ಹತ್ತಿದರೆ ಬೈರೂತು, ರೋಮು. ಈ ಮರಿಗಳು ಹುಟ್ಟಿ ಮೂರು ದಿನಕ್ಕೆ ಅಷ್ಟೂ ಊರು ಮುಗಿಸಿ ಬಂದಿವೆ. ನಾನು ಹೆಬ್ಬಾಳ ದಾಟಿದ್ದನ್ನೇ ಬೆರಳಲ್ಲಿ ಲೆಕ್ಕ ಇಡಬಹುದು. ನಿಂತು ನೋಡಬೇಕು ಅನ್ನಿಸಿತು. ಪೆಟ್ಟಿಗೆ ಕೂಗಿತು. ಹೊರಟೆ.

ಬರುವಾಗ ಜೋರಾಗಿ ತುಳಿಯಲಾಗಲಿಲ್ಲ. ತುಳಿದರೆ ಅಲುಗುತ್ತದೆ. ನಿಧಾನ ಮಾಡಿದರೆ ಹೊತ್ತು ಹೋಗುತ್ತದೆ. ಕಂಬಳಿ ಹೊದಿಸಿದರೆ ಬಿಸಿಲಿಗೆ ಸೆಕೆ, ತೆಗೆದರೆ ಗಾಳಿ. ಹಲಸೂರಿನ ಬೀದಿಯಲ್ಲಿ ನಿಲ್ಲಿಸಿ ಕಿವಿ ಇಟ್ಟೆ, ತರಕಾರಿ ಕೂಗುವವರ ಗಲಾಟೆಯಲ್ಲಿ ಏನೂ ಕೇಳಲಿಲ್ಲ. ರೈಲು ಸೇತುವೆಯ ಹತ್ತಿರ ನಿಲ್ಲಿಸಿದೆ, ರೈಲು ಬಂತು. ಒಬ್ಬ ಪೊಲೀಸಿನವನು ಪೆಟ್ಟಿಗೆಯಲ್ಲಿ ಏನು, ಗಡಿಯಾರವಾ ಎಂದು ಕೇಳಿದ. ಕೋಳಿ ಎಂದೆ. ಕೋಳಿಗೆ ಯಾಕೋ ಕಿವಿ ಕೊಡ್ತೀಯ ಎಂದ. ಮತ್ತೆ ತುಳಿದೆ. ದಂಡು ದಾಟಿ ರಾಗಿ ಕೂಳೆಯ ಹತ್ತಿರ ಬಂದಾಗ ಸುತ್ತ ಸದ್ದೇ ಇರಲಿಲ್ಲ. ನಿಲ್ಲಿಸಿ ಕಿವಿ ಇಟ್ಟೆ. ಪೆಟ್ಟಿಗೆಯಲ್ಲೂ ಇರಲಿಲ್ಲ.

ಹೆಬ್ಬಾಳದ ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕೆರೆ ಏರಿಯ ಈ ಕಡೆ ಒಂದು ಟೀ ಅಂಗಡಿ ಇತ್ತು, ಸೋಗೆ ಹೊದಿಸಿದ್ದು. ಅಲ್ಲಿ ಪೇಟೆಗೆ ಅವರೆಕಾಯಿ ಹೊತ್ತು ಮಾರಿ ಬಂದ ಹೆಂಗಸರು ಖಾಲಿ ಮಂಕರಿ ಇಟ್ಟುಕೊಂಡು ಕೂತಿದ್ದರು. ನಾನು ಪೆಟ್ಟಿಗೆಯನ್ನು ಬೆಂಚಿನ ಮೇಲೆ ಇಟ್ಟು ದಾರ ಕಿತ್ತೆ. ಒಳಗೆ ನಾಲ್ಕು ಖಾನೆ. ಒಂದು ಖಾನೆಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಸತ್ತಿದ್ದವು. ಗಟ್ಟಿಯಾಗಿದ್ದವು. ಎಲ್ಲಿ ಸತ್ತವೋ, ಲಂಡನ್ನಿನ ಮಂಜಿನಲ್ಲೋ, ಬೊಂಬಾಯಿಯಲ್ಲೋ, ಹಲಸೂರಿನಲ್ಲೋ ದೇವರಿಗೇ ಗೊತ್ತು. ಉಳಿದ ಮೂರು ಖಾನೆಗಳಲ್ಲಿ ಕೆಲವು ಕಣ್ಣು ಮುಚ್ಚಿಕೊಂಡು ತೂಗುತ್ತಿದ್ದವು, ಕೆಲವು ನನ್ನ ಕೈ ಕಂಡು ಎದ್ದವು.

ಬಿಸಿ ನೀರು ಬೇಕು ಎಂದೆ. ಅಂಗಡಿಯವನು ಟೀಯಾ ಎಂದ. ಅಲ್ಲ, ಇವುಕ್ಕೆ ಎಂದೆ. ಹೆಂಗಸರು ಎದ್ದು ಬಂದು ಬಗ್ಗಿದರು. ಎಲ್ಲಿಯವು ಎಂದರು. ಅಮೆರಿಕದವು ಎಂದೆ. ಒಬ್ಬಳು ನನ್ನ ಬಾಯಿಯ ವಾಸನೆ ನೋಡುವ ಹಾಗೆ ಮೂಗು ಮುಂದೆ ತಂದಳು. ಅವರಲ್ಲಿ ದೊಡ್ಡವಳು, ಹಣೆಗೆ ಅಗಲ ಕುಂಕುಮ ಇಟ್ಟವಳು, ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿಕೊಂಡಳು.

"ಇವುಗಳವ್ವ ಎಲ್ಲಪ್ಪಾ?"

"ಅವ್ವ ಇಲ್ಲ. ಪೆಟ್ಟಿಗೇಲಿ ಕಾವು ಕೊಟ್ಟು ಮರಿ ಮಾಡ್ತಾರಂತೆ."

"ಅದುಕ್ಕೇ ಮತ್ತೆ. ಅವ್ವ ಇದ್ದಿದ್ರೆ ಇಂಗೆ ದೇಸಾಂತ್ರ ಕಳುಸ್ತಿದ್ಲಾ," ಎಂದಳು. ಆಮೇಲೆ ಅಂಗಡಿಯವನ ಕಡೆ ತಿರುಗಿ, "ನೀರಿಗೆ ಒಂದ್ ಚೂರು ಬೆಲ್ಲ ಆಕಯ್ಯ. ನಿನ್ ಗಂಟೇನೂ ಕರಗಲ್ಲ."

ಟೀ ಬಸಿಗಳಲ್ಲಿ ಬೆಲ್ಲದ ನೀರು ಬಂತು. ಕೊಕ್ಕನ್ನು ನೀರಿಗೆ ಮುಟ್ಟಿಸಿ ಬಿಡುವುದು, ತಲೆ ಎತ್ತಿ ಗುಟುಕರಿಸಿದರೆ ಆಯಿತು. ಒಂದೊಂದಕ್ಕೂ ಬೇರೆ ಬೇರೆ. ನಾನೊಬ್ಬನೇ ಮಾಡಿದ್ದರೆ ಸಂಜೆಯಾಗುತ್ತಿತ್ತು. ಹೆಂಗಸರೆಲ್ಲ ಸುತ್ತ ಕೂತು ಕೈಗೊಂದು ಹಿಡಿದರು. ಟೀ ಕುಡಿಯಲು ನಿಂತಿದ್ದ ಲಾರಿಯವನೂ ಕೂತ. ಇಂಗ್ಲೀಷಿನಲ್ಲಿ ಕುಡಿ ಅಂತ ಹೇಳಬೇಕೇನೋ ಎಂದ. ಕುಡಿದವನ್ನು ಒಬ್ಬಳು ಮಂಕರಿಯಲ್ಲಿ ತನ್ನ ಸೆರಗು ಹಾಸಿ ಬಿಟ್ಟಳು. ಸ್ವಲ್ಪ ಹೊತ್ತಿಗೆ ಮಂಕರಿಯಿಂದ ಸಣ್ಣಗೆ ಮಾತು ಶುರುವಾಯಿತು. ಅಣ್ಣ ಹೇಳಿದ್ದ ಮಾತು ಅದೇ ಎಂದು ನನಗೆ ಗೊತ್ತಾಯಿತು. ದೊಡ್ಡವಳು ಕೊನೆಯ ಮರಿಯನ್ನು ತಾನೇ ಪೆಟ್ಟಿಗೆಗೆ ಇಟ್ಟು, ಸತ್ತವನ್ನು ಬೇರೆಯಾಗಿ ಎಲೆಯಲ್ಲಿ ಕಟ್ಟಿ ಕೊಟ್ಟಳು. ಬಿಸಾಡಬೇಡ, ಮನೆಯವರಿಗೆ ತೋರಿಸು, ಇಲ್ಲದಿದ್ದರೆ ಮಾರಿಕೊಂಡೆ ಅಂತಾರೆ ಎಂದಳು.

ಆ ಮೇಲಿನ ದಾರಿ ಸುಲಭವಾಗಿತ್ತು. ಸೂರ್ಯ ಇಳಿಯುವ ಮೊದಲೇ ಕೋಗಿಲು ಕಂಡಿತು. ಅಣ್ಣ ಊರ ಮುಂದಿನ ಹುಣಸೆ ಮರದ ಕೆಳಗೆ ನಿಂತಿದ್ದ. ಅವನ ಪಕ್ಕ ಹಾಲಿನವನು, ಎತ್ತಿನ ಹಗ್ಗ ಹಿಡಿದುಕೊಂಡೇ. ನಾನು ಇಳಿದ ತಕ್ಷಣ ಅವನು ಸೈಕಲ್ ಎತ್ತಿಕೊಂಡ. ಅಣ್ಣ ಪೆಟ್ಟಿಗೆಗೆ ಕಿವಿ ಇಟ್ಟ. ಹಾಗೇ ಕಿವಿ ಇಟ್ಟುಕೊಂಡೇ ಹೊಲದವರೆಗೆ ನಡೆದ.

ಬೆಚ್ಚನೆ ಕೋಣೆಯಲ್ಲಿ ಅವ್ವ ಬೆಳಿಗ್ಗೆಯಿಂದ ಇದ್ದಿಲು ಆರದಂತೆ ನೋಡಿಕೊಂಡಿದ್ದಳು. ಮುಖವೆಲ್ಲ ಮಸಿ. ಮರಿಗಳನ್ನು ತಗಡಿನ ಕೊಡೆಯ ಕೆಳಗೆ ಬಿಟ್ಟೆವು. ಓಡಿದವು, ಬಿದ್ದವು, ಲಾಳದ ಸುತ್ತ ಗುಂಪಾದವು. ಮಾವ ಕಲ್ಲು ಕಂಬಗಳ ಮೇಲೆ ಕೂತು ಬೀಡಿ ಸೇದುತ್ತಿದ್ದ. ಎದ್ದು ಬಂದು ಎಲೆಯ ಕಟ್ಟು ಬಿಚ್ಚಿದ. ಸತ್ತವನ್ನು ನೆಲದ ಮೇಲೆ ಸಾಲಾಗಿ ಇಟ್ಟ. ದಾರಿಯಲ್ಲಿ ಇನ್ನೂ ಕೆಲವು ಹೋಗಿದ್ದವು, ಅವನ್ನೂ ಸೇರಿಸಿದ. ಉದ್ದ ಸಾಲು.

ಅಪ್ಪ ಬಂದರು. ಮಾವ ಸಾಲು ತೋರಿಸಿದ.

"ಮಾತು ಮಾತೇ ಅಲ್ವಾ ಬಾವ. ಬದುಕಿದ್ರೆ ಅಂದ್ರಿ. ಸತ್ತವೆ ನೋಡಿ."

ಅಣ್ಣ ಇದ್ದಿಲು ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದವನು ಅಲ್ಲಿಂದ ಏಳಲಿಲ್ಲ. ಉಳಿದವು ಸಾಕಷ್ಟು ಇವೆ ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ಕೊಡೆಯಿಂದ ಆಚೆ ಬಂದ ಒಂದು ಮರಿಯನ್ನು ಒಳಕ್ಕೆ ತಳ್ಳಿದ. ಅವ್ವ ತಮ್ಮನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು, ಇದ್ದಿಲು ಹಾಕಿದಳು. ಅಪ್ಪ ಸತ್ತವನ್ನು ನೋಡಿದರು, ಬದುಕಿದವನ್ನು ನೋಡಿದರು. ಒಂದು ಮರಿ ಬಂದು ಅವರ ಕಾಲಿನ ಹೆಬ್ಬೆರಳ ಉಗುರನ್ನು ಕುಕ್ಕಿತು. ಅವರು ಕಾಲು ಹಿಂದಕ್ಕೆ ತೆಗೆಯಲಿಲ್ಲ. ನನ್ನ ಕಡೆ ತಿರುಗಿದರು.

"ಎಲ್ಲಿ ಇಳೀತು ಅಂದೆ?"

"ದೊಮ್ಮಲೂರಿಂದ ಆಚೆ."

"ಅಷ್ಟು ದೂರ ಯಾಕ್ ಓಯ್ತು ಅದು? ಇಲ್ಲಿ ಇಷ್ಟಗಲ ಬಯಲೈತೆ."

ಅದು ಜನರ ವಿಮಾನ, ಇದು ಮಿಲಿಟರಿಯದು ಎಂದೆ. ಅಪ್ಪನಿಗೆ ಆ ಮಾತು ಹಿಡಿಸಲಿಲ್ಲ. ನ್ಯೂಯಾರ್ಕಿನಿಂದ ಇಷ್ಟು ದೂರ ಬಂದದ್ದು ನಮ್ಮ ಮನೆಯ ಮೇಲೆ ಹಾದು ಯಲಹಂಕದಲ್ಲಿ ಇಳಿಯುವುದಕ್ಕೆ ಏನು ಕಷ್ಟ ಎಂದರು. ಮಾವ ಬೀಡಿ ಎಸೆದು, ಇದ್ಯಾವ ನ್ಯಾಯ ಬಾವ ಎಂದ.

"ಯಲಹಂಕದಾಗೆ ಇಳಿದಿದ್ರೆ ಇವು ಸಾಯ್ತಿರ್ಲಿಲ್ಲ," ಎಂದರು ಅಪ್ಪ. "ತಪ್ಪು ಇಮಾನದ್ದು. ಉಡುಗಂದಲ್ಲ. ಒಲ ಅವನ್ದೇ."

"ಇಮಾನ ತಪ್ಪು ಮಾಡುದ್ರೆ ನನ್ ಕಂಬ ಏನ್ ಮಾಡ್ಲಿ?"

"ಅಲ್ಲೇ ಇರ್ಲಿ ಬಿಡು. ಕೂತ್ಕಳಾಕಾಯ್ತದೆ."

ಅಪ್ಪ ಹೋಗಿ ಎತ್ತಿಗೆ ನೀರು ಕುಡಿಸಿದರು. ಅಣ್ಣ ಮರಿಗಳಿಗೆ ಬೆಚ್ಚನೆ ನೀರು ಇಟ್ಟ. ಅವ್ವ ಸತ್ತವನ್ನು ಹೊಲದ ಮೂಲೆಯಲ್ಲೇ ಹೂತಳು.

ಉಳಿದವು ಬೆಳೆದವು. ಬಿಳಿ ಕೋಳಿಯಾದವು. ಕಂಬಗಳು ಇನ್ನೂ ಅಲ್ಲೇ ಇವೆ, ಮಾವ ಬಂದಾಗ ಅವುಗಳ ಮೇಲೆಯೇ ಕೂರುತ್ತಾನೆ, ದ್ರಾಕ್ಷಿ ಹಾಕಿದ್ದರೆ ಎಂದು ಶುರು ಮಾಡುತ್ತಾನೆ. ನಾನು ಈಗ ಮೊಟ್ಟೆಯನ್ನು ರಾಗಿ ಹೊಟ್ಟಿನಲ್ಲಿ ಇಟ್ಟು ಸೈಕಲ್ಲಿನಲ್ಲಿ ಪೇಟೆಗೆ ಒಯ್ಯುತ್ತೇನೆ. ಹಲಸೂರಿನಲ್ಲಿ ನಾಲ್ಕು ಅಂಗಡಿ ಇವೆ. ಅಲ್ಲಿ ಮುಗಿದ ಮೇಲೆ ಮನೆಗೆ ತಿರುಗಬೇಕು. ಕೆಲವು ಸಲ ತಿರುಗುವುದಿಲ್ಲ, ದೊಮ್ಮಲೂರು ದಾಟಿ ಆ ಬೇಲಿಯವರೆಗೆ ಹೋಗುತ್ತೇನೆ. ಮೆಟ್ಟಿಲು ಹಚ್ಚುತ್ತಾರೆ, ಜನ ಹತ್ತುತ್ತಾರೆ, ಬಾಗಿಲು ಮುಚ್ಚುತ್ತಾರೆ. ಅಣ್ಣ ಹೇಳಿಕೊಟ್ಟದ್ದನ್ನು ತಿರುಗಿಸಿ ಹೇಳಿಕೊಳ್ಳುತ್ತೇನೆ. ಬೊಂಬಾಯಿ, ಬೈರೂತು, ರೋಮು, ಲಂಡನ್ನು, ನ್ಯೂಯಾರ್ಕು. ತಿರುಗಿಸಿದರೆ ಅದೇ ಹೋಗುವ ದಾರಿ. ಖಾಲಿ ಬುಟ್ಟಿ ಹಿಂದೆ ಅಲುಗುತ್ತಿರುತ್ತದೆ. ಒಂದು ಕಾಲು ನೆಲದ ಮೇಲೆ, ಒಂದು ಪೆಡಲ್ಲಿನ ಮೇಲೆ ಇಟ್ಟುಕೊಂಡೇ ನಿಂತಿರುತ್ತೇನೆ. ವಿಮಾನ ಮೇಲೆ ಹೋದ ಮೇಲೆ ಹೊರಡುತ್ತೇನೆ. ಅಷ್ಟೇ.